ಮಾಸ್ತರರ ಕೋಡ್ ವಾಪಸ್ ಕಳಿಸಿದ್ದು

ನಿವೃತ್ತಿಯಾದ ಮೇಲೆ ಜನ ನನಗೆ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಈಗ ಟೈಂ ಹೆಂಗ ಹೋಗ್ತದ್ರಿ ಮೇಡಂ?" ಎರಡನೆಯದು, "ಅಲ್ರಿ, ಅಷ್ಟು ವರ್ಷ ಆ ಲ್ಯಾಬಿನಾಗ ಕುಂತು ಏನ್ ಮಾಡ್ತಿದ್ರಿ?" ಮೊದಲನೆಯದಕ್ಕೆ ಉತ್ತರವೇ ಇಲ್ಲ, ನನಗೆ ಟೈಂ ಸಾಲುತ್ತಿಲ್ಲ. ಎರಡನೆಯದಕ್ಕೆ ಉತ್ತರ ಹೇಳಲು ಶುರು ಮಾಡಿದರೆ ಕೇಳಿದವರು ಬಸ್ ಬಂತೆಂದು ಎದ್ದು ಹೋಗುತ್ತಾರೆ. ಬರೆದರೆ ಯಾರು ಎದ್ದು ಹೋದದ್ದೂ ನನಗೆ ಕಾಣುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಹೆಸರು ಗಂಗಾಬಾಯಿ. ಯಾದಗಿರಿಯಲ್ಲಿ ಭೀಮಾ ದಂಡೆಯ ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದೆ, ಸುರಪುರದಲ್ಲಿ ಓದಿದೆ, ಶಹಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದೆ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ವಿಭಾಗದ ಮುಖ್ಯಸ್ಥೆಯಾದೆ ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ, ಅಲ್ಲೇ ಇರಲಿ. ನಾನು ಹೇಳಬೇಕೆಂದಿರುವುದು ನೌಕರಿಯ ಕೊನೆಯ ವರ್ಷಗಳಲ್ಲಿ ನಾವು ಕೆಲವರು ಸೇರಿ ಮಾಡಿದ ಕೆಲಸದ ಬಗ್ಗೆ. ಕ್ವಾಂಟಮ್ ಕಂಪ್ಯೂಟರಿಗೆ ಬೇಕಾದ ಮುಕ್ತ ತಂತ್ರಾಂಶ ಬರೆಯುವ ಕೆಲಸ ಅದು. ಈಗ ಈ ಕೆಲಸಕ್ಕೆ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗೆ ಇದು ಒಳಗಿನಿಂದ ಹೇಗಿರುತ್ತದೆ ಎಂದು ಯಾರಾದರೂ ನೆಟ್ಟಗೆ ಹೇಳಬೇಕಲ್ಲ.

ಮೊದಲು ಒಂದು ಭ್ರಮೆ ಬಿಡಿಸಿಬಿಡುತ್ತೇನೆ. ನಾನು ಇವತ್ತಿನವರೆಗೆ ಕ್ವಾಂಟಮ್ ಕಂಪ್ಯೂಟರನ್ನು ಕಣ್ಣಾರೆ ಕಂಡಿಲ್ಲ. ನಾವು ಓದಿ ತಿಳಿದ ಹೆಚ್ಚಿನ ಯಂತ್ರಗಳು ದೂರದಲ್ಲೆಲ್ಲೋ ಅತಿ ತಂಪಾದ ಡಬ್ಬಿಯೊಳಗೆ ಕುಳಿತಿರುತ್ತವೆ. ನಮ್ಮ ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ಫ್ಯಾನಿನ ಗಾಳಿಯೇ ಬಿಸಿಯಾಗಿ ಬರುವಾಗ ಅದನ್ನು ಇಲ್ಲಿ ತಂದಿಡುವ ಮಾತು ಬಿಡಿ. ನಮ್ಮ ಲ್ಯಾಬಿನಲ್ಲಿದ್ದದ್ದು ಮಾಮೂಲಿ ಕಂಪ್ಯೂಟರುಗಳು. ಅವುಗಳ ಮೇಲೆ, ಕ್ವಾಂಟಮ್ ಯಂತ್ರ ಇದ್ದಿದ್ದರೆ ಹೇಗೆ ಲೆಕ್ಕ ಮಾಡುತ್ತಿತ್ತೋ ಹಾಗೆ ಲೆಕ್ಕ ಮಾಡಿ ತೋರಿಸುವ ತಂತ್ರಾಂಶ ಓಡುತ್ತಿತ್ತು. ಅದರ ಕೋಡ್‌ಗೆ ಬೀಗವಿಲ್ಲ. ಯಾವ ಊರಿನವರು ಬೇಕಾದರೂ ತೆರೆದು ಓದಬಹುದು, ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಇನ್ನೊಬ್ಬರು ಓದಿ, ಓಡಿಸಿ ನೋಡಿ, ಸರಿ ಇದ್ದರೆ ಸೇರಿಸಿಕೊಳ್ಳುತ್ತಾರೆ. ಸರಿ ಇಲ್ಲದಿದ್ದರೆ ಇಂಥಲ್ಲಿ ತಪ್ಪಾಗಿದೆ ಎಂದು ಬರೆದು ವಾಪಸ್ ಕಳಿಸುತ್ತಾರೆ. ಕೆಲಸ ಇಷ್ಟೇ. ಈ ವಾಪಸ್ ಕಳಿಸುವುದಿದೆಯಲ್ಲ, ಅದೇ ನಮ್ಮ ಜೀವ ಹಿಂಡಿತು.

ನಾನು ಈ ಕೆಲಸಕ್ಕೆ ಬಂದದ್ದು ಒಂದು ಮೈನಸ್ ಗುರುತಿನ ದೆಸೆಯಿಂದ. ಪಾಠಕ್ಕೆ ತಯಾರಿ ಮಾಡುತ್ತ ಆ ತಂತ್ರಾಂಶದ ಕೈಪಿಡಿ ಓದುತ್ತಿದ್ದೆ. ಒಂದು ಉದಾಹರಣೆಯಲ್ಲಿ ಮೈನಸ್ ಇರಬೇಕಾದಲ್ಲಿ ಪ್ಲಸ್ ಇತ್ತು. ಬರೆದವರು ನನಗಿಂತ ದೊಡ್ಡವರು, ತಪ್ಪು ನನ್ನದೇ ಇರಬೇಕು ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ತಾವು ಅನ್ಯಥಾ ಭಾವಿಸಬಾರದು, ನಾನು ಅಲ್ಪಳು ಎಂದೆಲ್ಲ ಪೀಠಿಕೆ ಹಾಕಿ ಒಂದು ಉದ್ದನೆಯ ಸಂದೇಶ ಕಳಿಸಿದೆ. ಮರುದಿನ ಮುಖ ಕಾಣದ ಯಾರೋ ಒಂದೇ ಸಾಲು ಬರೆದಿದ್ದರು: ಹೌದು, ತಪ್ಪು, ತಿದ್ದಿ ಕಳಿಸಿ. ತಿದ್ದಿ ಕಳಿಸಿದೆ. ಸೇರಿಸಿಕೊಂಡರು. ನಾನು ಸ್ಟಾಫ್ ರೂಮಿಗೆಲ್ಲ ಪೇಡೆ ಹಂಚಿದೆ.

"ಏನ್ ವಿಶೇಷರಿ ಮೇಡಂ, ಮಗಳ ಲಗ್ನ ನಿಕ್ಕಿ ಆತೇನು?" ಎಂದರು ನಮ್ಮ ಪ್ರಿನ್ಸಿಪಾಲರು.

"ಇಲ್ರಿ ಸರ್. ಒಂದು ಪ್ಲಸ್ ಇತ್ತು, ಮೈನಸ್ ಮಾಡೀನಿ."

ಅವರು ಪೇಡೆಯನ್ನು ಬಾಯಿಗೆ ಹಾಕಿಕೊಳ್ಳುವ ಮುಂಚೆ ಒಮ್ಮೆ ತಿರುಗಿಸಿ ನೋಡಿದರು.

ಮನೆಯಲ್ಲಿ ಇನ್ನೊಂದು ಬಗೆ. ನಮ್ಮ ಮನೆಯವರದು ನಾರಾಯಣಪುರದ ಡ್ಯಾಮಿನಲ್ಲಿ ಕೆಲಸ. ಕ್ವಾಂಟಮ್ ಲೆಕ್ಕದ ಒಂದೊಂದು ಹೆಜ್ಜೆಗೂ ಗೇಟ್ ಎನ್ನುತ್ತಾರೆಂದು ಗೊತ್ತಾದ ದಿನದಿಂದ ಅವರ ಚೇಷ್ಟೆ ಶುರುವಾಯಿತು. "ನಮ್ಮ ಗೇಟ್ ಎತ್ತಿದ್ರ ಹುಣಸಗಿ ತನಕ ನೀರಾದ್ರೂ ಹರೀತದ. ನಿಮ್ಮ ಗೇಟ್ ಎತ್ತಿದ್ರ ಏನ್ ಬರ್ತದ?" ಎಂದು ಊಟಕ್ಕೆ ಕುಳಿತಾಗೆಲ್ಲ ಕೇಳುವರು. "ರೊಟ್ಟಿ ಬರೂದಿಲ್ಲ, ಸುಮ್ನ ಉಣ್ರಿ" ಎನ್ನುತ್ತಿದ್ದೆ.

ನಮ್ಮ ಅತ್ತೆ ಸಗರದ ಒಕ್ಕಲು ಮನೆಯವರು. ಶಾಲೆಯ ಮುಖ ಕಂಡವರಲ್ಲ, ಆದರೆ ಅವರಿಗೆ ಅರ್ಥವಾಗದ ವ್ಯವಹಾರ ಇರಲಿಲ್ಲ. ಒಂದು ದಿನ ಶೇಂಗಾ ಸುಲಿಯುತ್ತ, "ಪಗಾರ ಕೊಡೂದಿಲ್ಲ, ಗುರ್ತಿಲ್ಲ, ಪರಿಚಯಿಲ್ಲ, ಆ ಮಂದಿ ಕೆಲಸ ನೀ ಯಾಕ ಪುಕ್ಕಟ ಮಾಡ್ತಿ?" ಎಂದರು. ನಾನು ಮುಕ್ತ ತಂತ್ರಾಂಶದ ಮೇಲೆ ತರಗತಿಯಲ್ಲಿ ಕೊಡುವ ಉಪನ್ಯಾಸವನ್ನೇ ಶುರು ಮಾಡಿದೆ. ಅವರದನ್ನು ನಾವು ಬಳಸುತ್ತೇವೆ, ನಮ್ಮದನ್ನು ಅವರು ಬಳಸುತ್ತಾರೆ, ಅವರು ಬರೆದದ್ದನ್ನು ನಾವು ಪರೀಕ್ಷೆ ಮಾಡುತ್ತೇವೆ, ನಾವು ಬರೆದದ್ದನ್ನು ಅವರು...

"ಮುಯ್ಯಾಳು ಅನ್ನು" ಎಂದರು ಅತ್ತೆ, ಶೇಂಗಾ ಸಿಪ್ಪೆ ಒಗೆಯುತ್ತ. "ಇವತ್ತ ನಿಮ್ಮ ಹೊಲಕ್ಕ ನಾವು, ನಾಳಿ ನಮ್ಮ ಹೊಲಕ್ಕ ನೀವು. ಇಷ್ಟು ಹೇಳಾಕ ಅಷ್ಟ್ಯಾಕ ಮಾತಾಡಿದಿ?"

ಅವತ್ತಿನಿಂದ ನಮ್ಮ ಲ್ಯಾಬಿನಲ್ಲಿ ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವುದಕ್ಕೆ ಮುಯ್ಯಿ ಎಂದೇ ಹೆಸರಾಯಿತು. ಶಹಾಪುರದವರು ಬರೆದದ್ದನ್ನು ಸುರಪುರದಲ್ಲಿ ಇದೇ ಕೆಲಸ ಮಾಡುತ್ತಿದ್ದ ಗೆಳೆಯರು ನೋಡಬೇಕು, ಅವರದನ್ನು ನಾವು ನೋಡಬೇಕು, ಆಮೇಲೆ ಹೊರಗೆ ಕಳಿಸಬೇಕು.

ಮೇಲಧಿಕಾರಿಗಳ ಬಗ್ಗೆ ಬರೆಯದಿದ್ದರೆ ಇಂಥ ಬರಹ ಪೂರ್ತಿಯಾಗುವುದಿಲ್ಲ. ನಮ್ಮ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ, ಆದರೆ ಉದ್ಘಾಟನೆ ಎಂದರೆ ಅವರಿಗೆ ಮೈಮೇಲೆ ಬರುತ್ತಿತ್ತು. ಹೊಸ ನಲ್ಲಿ ಹಾಕಿಸಿದರೂ ರಿಬ್ಬನ್ ಕತ್ತರಿಸಬೇಕು. ನಾನು ರಜೆಯ ಮೇಲೆ ಯಾದಗಿರಿಗೆ ಹೋಗಿ ಬರುವಷ್ಟರಲ್ಲಿ ಕಾಲೇಜಿನ ಗೋಡೆಗೆ ದೊಡ್ಡ ಫ್ಲೆಕ್ಸ್ ಏರಿತ್ತು: ಕ್ವಾಂಟಮ್ ಕಂಪ್ಯೂಟರ್ ಲೋಕಾರ್ಪಣೆ. ಅಂಥ ಯಂತ್ರ ನಮ್ಮಲ್ಲಿಲ್ಲ ಎಂದು ಹೇಳಲು ಓಡಿದರೆ ಅಲ್ಲಿ ಆಗಲೇ ಮಾನಿಟರಿಗೆ ಶಾಲು ಹೊದಿಸಿ, ಚೆಂಡುಹೂವಿನ ಹಾರ ಹಾಕಿ, ಸಿಪಿಯುಗೆ ವಿಭೂತಿ ಕುಂಕುಮ ಹಚ್ಚಿದ್ದರು. ಮುಖ್ಯ ಅತಿಥಿಗಳು ಬಂದರು. ರಿಬ್ಬನ್ ಕತ್ತರಿಸಿದರು, ಕಾಯಿ ಒಡೆದರು. ಕಾಯಿಯ ನೀರು ನೇರವಾಗಿ ವೈರಿನ ಬೋರ್ಡಿಗೆ ಸಿಡಿದು, ಟಪ್ ಎಂದು ಇಡೀ ಕಟ್ಟಡದ ಕರೆಂಟ್ ಹೋಯಿತು. ಕತ್ತಲೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಕರೆಂಟ್ ಬಂದ ಮೇಲೆ ಅತಿಥಿಗಳು ಶಾಲು ಸರಿಸಿ, ಹಳೆಯ ಮಾನಿಟರನ್ನು ನೋಡಿ, ಮೆಲ್ಲಗೆ ನನ್ನನ್ನು ಕೇಳಿದರು. "ಮೇಡಂ, ಆ ಕ್ವಾಂಟಮ್ ಮಷೀನ್ ಎಲ್ಲಿ ಅದ?"

"ಇಲ್ರಿ ಸರ್."

"ಮತ್ತ ನಾ ಉದ್ಘಾಟನಾ ಮಾಡಿದ್ದು ಏನು?"

"ಲೆಕ್ಕ ಮಾಡೂ ಪದ್ಧತಿರಿ ಸರ್. ಮಷೀನ್ ಬ್ಯಾರೆ ದೇಶದಾಗ ಅದ. ಅದು ಹೆಂಗ ಯೋಚನಾ ಮಾಡ್ತದ ಅಂಬೂದು ಮಾತ್ರ ಇಲ್ಲಿ ಅದ."

ಪ್ರಿನ್ಸಿಪಾಲರ ಮುಖ ಬಿಳಿಚಿಕೊಂಡಿತು. ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ವೇದಿಕೆಗೆ ಹೋಗಿ, "ಈ ಜಿಲ್ಲಾದಾಗ ನಾ ಭಾಳ ಉದ್ಘಾಟನಾ ಮಾಡೀನಿ. ಕಳ್ಳತನ ಆಗದಂಥಾದ್ದು, ತುಕ್ಕು ಹಿಡೀದಂಥಾದ್ದು ಇದೊಂದ" ಎಂದರು. ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲರು ಮುಂದಿನ ವಾರವೇ ನಮಗೆ ಇನ್ನೆರಡು ಕಂಪ್ಯೂಟರ್ ಕೊಡಿಸಿದರು. ಆಮೇಲೆ ನಾನು ಅವರ ಯಾವ ಉದ್ಘಾಟನೆಗೂ ಅಡ್ಡ ಬರಲಿಲ್ಲ.

ಶರಣಮ್ಮ ನಮ್ಮ ಲ್ಯಾಬಿಗೆ ಬಂದದ್ದು ಆ ಹೊಸ ಕಂಪ್ಯೂಟರುಗಳ ಜೊತೆಗೇ. ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕಿ. ದಿನವೂ ಹುಣಸಗಿಯಿಂದ ಸುರಪುರಕ್ಕೆ ಒಂದು ಬಸ್, ಅಲ್ಲಿಂದ ಶಹಾಪುರಕ್ಕೆ ಇನ್ನೊಂದು ಬಸ್. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಕೂರುವ ಹುಡುಗಿ, ತಲೆ ಮಾತ್ರ ಚೂರಿಯಂಥದು. ಆಕೆ ಬರೆದ ಮೊದಲ ಪ್ರೋಗ್ರಾಂ ನನಗೆ ಈಗಲೂ ನೆನಪಿದೆ. ಪ್ರತಿ ಹೆಜ್ಜೆಯೂ ಸರಿಯಾಗಿ ನಡೆದಿದೆಯೇ ಎಂದು ಪ್ರತಿ ಹೆಜ್ಜೆಯ ಕೊನೆಗೆ ಒಮ್ಮೆ ಅಳತೆ ಮಾಡುವಂತೆ ಬರೆದಿದ್ದಳು. ಬೇರೆ ಕಂಪ್ಯೂಟರಿನಲ್ಲಾದರೆ ಅದು ಒಳ್ಳೆಯ ಅಭ್ಯಾಸ. ಕ್ವಾಂಟಮ್ ಲೆಕ್ಕದಲ್ಲಿ ನಡುವೆ ಹಾಗೆ ಇಣುಕಿದರೆ ಲೆಕ್ಕವೇ ಕೆಡುತ್ತದೆ. ಉತ್ತರ ಅಡ್ಡಾದಿಡ್ಡಿ ಬಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡಳು.

"ಅಲ್ಲವ್ವಾ, ಕಡಬು ಬೆಂದಾವೇನು ಅಂತ ಘಳಿಗಿಗೊಮ್ಮಿ ಮುಚ್ಚಳ ತಗದ್ರ ಅವು ಬೇಯ್ತಾವೇನು?" ಎಂದೆ.

"ನಮ್ಮವ್ವ ಖರೇನ ಹಂಗ ಬೈತಾಳ್ರಿ ಮೇಡಂ" ಎಂದು ಅಳುವಿನಲ್ಲೇ ನಕ್ಕಳು. ಆ ನಗುವಿನಿಂದ ನಮ್ಮ ಸ್ನೇಹ ಕುದುರಿತು.

ಈಗ ಈ ಕೆಲಸದ ರೀತಿ ಬಹಳ ಬದಲಾಗಿದೆ. ಮೊದಮೊದಲು ನಾವು ಹಾಳೆಯ ಮೇಲೆ ಗೆರೆ ಎಳೆದು, ಕೈಯಲ್ಲೇ ಗುಣಾಕಾರ ಮಾಡಿ, ಕಂಪ್ಯೂಟರಿನ ಉತ್ತರಕ್ಕೆ ತಾಳೆ ನೋಡುತ್ತಿದ್ದೆವು. ಆಮೇಲೆ ಪರೀಕ್ಷೆಗಳನ್ನೂ ಕೋಡ್‌ನಲ್ಲೇ ಬರೆದಿಡುವ ಪದ್ಧತಿ ಬಂತು. ಕಳಿಸಿದ ಕೂಡಲೆ ಅವು ತಾವೇ ಓಡಿ ಹಸಿರು ಇಲ್ಲವೇ ಕೆಂಪು ಗುರುತು ತೋರಿಸುತ್ತವೆ. ಈಗಂತೂ ಕೇಳಿದರೆ ಯಂತ್ರವೇ ಕೋಡ್ ಬರೆದುಕೊಡುತ್ತದೆ. ಅದರಿಂದ ಬರೆಯುವವರಿಗೆ ಬಿಡುವಾಗಿದೆ, ಓದಿ ತಪ್ಪು ಹಿಡಿಯುವವರಿಗೆ ಕೆಲಸ ಹೆಚ್ಚಾಗಿದೆ. ಹಸಿರು ಗುರುತು ಕಂಡ ಕೂಡಲೆ ಚಹಾ ಕುಡಿಯಲು ಏಳಬೇಡಿ ಎಂದು ನಾನು ಹೇಳುವುದಕ್ಕೆ ಕಾರಣ ಸಂಗಪ್ಪ ಮಾಸ್ತರರು.

ಸಂಗಪ್ಪ ಮಾಸ್ತರರು ಸುರಪುರದವರು. ಈ ಸೀಮೆಯಲ್ಲಿ ಗಣಿತ ಎಂದರೆ ಅವರೇ. ನನಗೂ ಕಲಿಸಿದರು, ನಮ್ಮ ಪ್ರಿನ್ಸಿಪಾಲರಿಗೂ ಕಲಿಸಿದರು, ಶರಣಮ್ಮನ ತಂದೆಗೂ ಕಲಿಸಿದರು. ಎಂಬತ್ತು ದಾಟಿದರೂ ಬೆನ್ನು ನೆಟ್ಟಗೆ, ಧೋತರ ಬೆಳ್ಳಗೆ. ಮನೆಯ ಮುಂಭಾಗದಲ್ಲಿ ಮಗ ಸೊಸೆ ಬಟ್ಟೆ ಅಂಗಡಿ ನಡೆಸುತ್ತಾರೆ. ನಿವೃತ್ತರಾದ ಮೇಲೆ ಹಟ ಹಿಡಿದು ಪ್ರೋಗ್ರಾಮಿಂಗ್ ಕಲಿತಿದ್ದರು. ನಮ್ಮ ಕೆಲಸದ ಸುದ್ದಿ ಕೇಳಿ ಸುರಪುರದ ಗುಂಪು ಸೇರಿಕೊಂಡರು. ಅವರು ಸೇರಿದ್ದು ನಮಗೆ ಹಬ್ಬವಾಯಿತು. ಅವರ ಕೋಡ್ ಓದುವುದೆಂದರೆ ಅವರ ಬೋರ್ಡಿನ ಅಕ್ಷರ ಓದಿದಷ್ಟೇ ಚಂದ.

ಆಗ ನಾವು ಕೈಗೆತ್ತಿಕೊಂಡದ್ದು ಒಂದು ಪರಿವರ್ತಕ. ಒಂದು ಕ್ವಾಂಟಮ್ ತಂತ್ರಾಂಶದಲ್ಲಿ ಬರೆದ ಪ್ರೋಗ್ರಾಮನ್ನು ಇನ್ನೊಂದು ತಂತ್ರಾಂಶಕ್ಕೆ ಬದಲಾಯಿಸಿ ಕೊಡುವ ಸಾಧನ ಅದು. ಇದರಲ್ಲಿ ಒಂದು ಕಿರಿಕಿರಿ ಇದೆ. ಕ್ವಾಂಟಮ್ ಲೆಕ್ಕದಲ್ಲಿ ಮಾಹಿತಿ ಹೊರುವ ಒಂದೊಂದು ಘಟಕಕ್ಕೆ ಕ್ಯೂಬಿಟ್ ಎನ್ನುತ್ತಾರೆ. ಉತ್ತರ ಬರೆಯುವಾಗ ಅವು ಊಟದ ಪಂಕ್ತಿಯಂತೆ ಸಾಲಾಗಿ ಕೂರುತ್ತವೆ. ಒಂದು ತಂತ್ರಾಂಶ ಎಡತುದಿಯಲ್ಲಿ ಕುಳಿತವನನ್ನು ಮೊದಲನೆಯವನು ಎನ್ನುತ್ತದೆ, ಇನ್ನೊಂದು ಬಲತುದಿಯವನನ್ನು. ಎರಡೂ ಸರಿಯೇ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಇಡೀ ಸಾಲನ್ನು ಒಮ್ಮೆ ತಿರುಗಿಸಬೇಕು.

ಪ್ರೋಗ್ರಾಮನ್ನು ಓದಿಕೊಳ್ಳುವ ಭಾಗ ಶರಣಮ್ಮ ಬರೆದಳು. ಹೊಸ ರೂಪದಲ್ಲಿ ಬರೆದುಕೊಡುವ ಭಾಗ ಮಾಸ್ತರರು ಬರೆದರು. ಮುಯ್ಯಿಯ ಪ್ರಕಾರ ಮಾಸ್ತರರ ಭಾಗವನ್ನು ಶಹಾಪುರದ ನಾವು ನೋಡಬೇಕು. ನೋಡಿದೆವು. ಹೇಗೆ ನೋಡಿದೆವು ಎಂದರೆ, ದೇವರ ಪಟ ನೋಡಿದ ಹಾಗೆ. ಪರೀಕ್ಷೆಗಳು ಹಸಿರು ತೋರಿಸುತ್ತಿದ್ದವು. ನಾನು "ಭಾಳ ಛಲೋ ಅದ್ರಿ ಸರ್" ಎಂದು ಬರೆದೆ. ಇನ್ನೊಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಶರಣಮ್ಮ "ನಮಸ್ಕಾರ ಸರ್" ಎಂದಷ್ಟೇ ಬರೆದು ಸೇರಿಸಿಬಿಟ್ಟಳು. ಬೇರೆ ಊರಿನ ಗುಂಪಿನಲ್ಲಿ ಹೀಗಾಗಲಿಕ್ಕಿಲ್ಲ. ಲೆಕ್ಕ ಕಲಿಸಿದ ಗುರುವಿನ ಲೆಕ್ಕವನ್ನು ತಾಳೆ ನೋಡುವುದು ನಮ್ಮ ಕಡೆ ಯಾರ ತಲೆಗೂ ಹೊಳೆಯುವುದಿಲ್ಲ.

ಪರಿವರ್ತಕ ಮೆಚ್ಚುಗೆ ಪಡೆಯಿತು. ಅದನ್ನು ಕಾಯಂ ಆಗಿ ನೋಡಿಕೊಳ್ಳಲು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವ ವಿಚಾರ ನಾವು ಕೈಜೋಡಿಸಿದ್ದ ತಂತ್ರಾಂಶವನ್ನು ನಡೆಸುವ ಹಿರಿಯರಲ್ಲಿತ್ತು. ಎಲ್ಲಿ ಕೂತು ಮಾಡಿದರೂ ನಡೆಯುತ್ತದೆ, ಶರಣಮ್ಮ ಒಪ್ಪುತ್ತಾಳೆಯೇ ಎಂದು ಕೇಳಿದ್ದರು. ಅತಿಥಿ ಉಪನ್ಯಾಸಕಿಯ ಪಾಡು ಗೊತ್ತಲ್ಲ, ಪ್ರತಿ ವರ್ಷ ಜೂನ್ ಬಂದರೆ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಹುಣಸಗಿಯ ಮನೆಯಲ್ಲೇ ಕುಳಿತು, ತನಗೆ ಜೀವವಾದ ಕೆಲಸವನ್ನೇ ಮಾಡುತ್ತ ಬದುಕುವ ದಾರಿ ಆಕೆಗೆ ಕಂಡಿತ್ತು.

ಅಷ್ಟರಲ್ಲಿ ಆ ಹಿರಿಯರಿಂದಲೇ ಒಂದು ಸಂದೇಶ ಬಂತು. ನಿಮ್ಮ ಪರಿವರ್ತಕದಿಂದ ಬರುವ ಉತ್ತರಗಳು ತಿರುಗುಮುರುಗಾಗಿವೆ, ಮುಂದಿನ ಆವೃತ್ತಿಯೊಳಗೆ ಸರಿ ಮಾಡಿ, ಆಗದಿದ್ದರೆ ತೆಗೆದುಹಾಕುತ್ತೇವೆ ಎಂದಿತ್ತು. ಪರಿವರ್ತಕವೇ ಹೋದರೆ ಅದನ್ನು ನೋಡಿಕೊಳ್ಳುವ ಕೆಲಸವೂ ಹೋದಂತೆ.

ನಾನೂ ಶರಣಮ್ಮನೂ ಕುಳಿತು ಹುಡುಕಿದೆವು. ತಪ್ಪು ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶರಣಮ್ಮನ ಭಾಗ ಓದಿಕೊಳ್ಳುವಾಗಲೇ ಸಾಲನ್ನು ತಿರುಗಿಸಿ ಕೊಡುತ್ತಿತ್ತು. ಮಾಸ್ತರರು ಬರೆಯುವಾಗ ಇನ್ನೊಮ್ಮೆ ತಿರುಗಿಸಿದ್ದರು. ಎರಡು ಸಲ ತಿರುಗಿದ್ದು ತಿರುಗದ ಹಾಗೆಯೇ ಆಯಿತು. ಅತ್ತೆಯೂ ಸೊಸೆಯೂ ಒಬ್ಬರಿಗೊಬ್ಬರು ಹೇಳದೆ ಸಾರಿಗೆ ಉಪ್ಪು ಹಾಕಿದ ಕಥೆ. ಓದುವ ಭಾಗ ಸಾಲನ್ನು ತಿರುಗಿಸಿಯೇ ಕೊಡುತ್ತದೆ ಎಂದು ಅದರ ವಿವರಣೆಯಲ್ಲಿ ಬರೆದಿತ್ತು, ಮಾಸ್ತರರು ಅದನ್ನು ನೋಡಿರಲಿಲ್ಲ.

"ನನ್ನ ಭಾಗದಾಗ ತಿರುಗ್ಸೂದು ತಗದ್ಬಿಡ್ತೀನ್ರಿ ಮೇಡಂ" ಎಂದಳು ಶರಣಮ್ಮ. "ತಪ್ಪು ನಂದ ಅಂತ ಬರೀತೀನಿ. ಸರ್‌ಗೆ ಗೊತ್ತಾಗೂದ ಬ್ಯಾಡ."

"ನಿನ್ನ ಭಾಗ ಬ್ಯಾರೆದಕ್ಕೂ ಬಳಸಾಕತ್ತಾರ. ಅದನ್ನ ತಗದ್ರ ಅವೆಲ್ಲಾ ಕೆಡ್ತಾವ. ಆಮ್ಯಾಲ ನಿನ್ನ ಕೈಯಾಗ ಯಾರು ಏನು ಕೊಡ್ತಾರ?"

"ಹಂಗಾದ್ರ ನೀವ ಹೇಳ್ರಿ ಸರ್‌ಗೆ."

ಹೇಳಲು ಇಬ್ಬರೂ ಸುರಪುರಕ್ಕೆ ಹೋದೆವು. ಬಸ್ಸಿನಲ್ಲಿ ಮಾತುಗಳನ್ನು ನಾಟಕದ ಹಾಗೆ ಬಾಯಿಪಾಠ ಮಾಡಿದೆವು. ಮಾಸ್ತರರು ಬಾಗಿಲಿಗೇ ಬಂದು ಕರೆದುಕೊಂಡರು. ಸೊಸೆ ಮಂಡಕ್ಕಿ ಒಗ್ಗರಣೆಯ ಸುಸಲಾ, ಬಿಸಿ ಮಿರ್ಚಿ ತಂದಿಟ್ಟರು. ಮಾಸ್ತರರು ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕರೆದು, "ಇವರು ನೋಡ್ರಿ, ನನ್ನ ಜೋಡಿ ಕೆಲಸ ಮಾಡೂ ಮಂದಿ" ಎಂದು ಪರಿಚಯ ಮಾಡಿಸಿದರು. ಅವರ ಮುಖದಲ್ಲಿ ಅಂಥ ಬೆಳಕು. ಇಡೀ ಕಾಲೇಜನ್ನು ಗದರಿಸುವ ನಾನು ಬಾಯಿ ತೆರೆದೆ. ಬಂದ ಮಾತು, "ಸುಸಲಾ ಭಾಳ ರುಚಿ ಆಗ್ಯಾದ್ರಿ" ಎಂಬುದು. ಶರಣಮ್ಮ ಮಿರ್ಚಿ ತಿನ್ನುತ್ತಲೇ ಇದ್ದಳು, ಖಾರಕ್ಕೋ ಭಯಕ್ಕೋ ಮೂಗು ಕೆಂಪಗಾಗಿತ್ತು. ಏನೂ ಹೇಳದೆ ವಾಪಸ್ ಬಂದೆವು. ಬಸ್ಸಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಆಕೆಗೆ ಅಳು.

ಹೊಸ ಆವೃತ್ತಿಯ ದಿನ ಹತ್ತಿರ ಬರುತ್ತಿತ್ತು. ಮತ್ತೆ ಹೋದೆವು. ಈ ಸಲ ಶರಣಮ್ಮ ಬಸ್ಸಿನಲ್ಲಿ ಬಾಯಿಪಾಠ ಮಾಡಲಿಲ್ಲ. ಒಳಗೆ ಹೋದವಳೇ ಎಂದಿನಂತೆ ಮಾಸ್ತರರ ಪಾದ ಮುಟ್ಟಲು ಬಾಗಿದಳು. ಬಾಗಿದವಳು ಏಳಲಿಲ್ಲ. ನೆಲ ನೋಡುತ್ತಲೇ ಹೇಳಿದಳು.

"ಸರ್, ನಿಮ್ಮ ಕೋಡ್ ತಪ್ಪದ್ರಿ."

ಆಶೀರ್ವಾದಕ್ಕೆ ಎತ್ತಿದ ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ಸೊಸೆ ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತುಬಿಟ್ಟರು. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

"ಏನಂದಿ?"

"ಸಾಲು ಎರಡು ಸಲ ತಿರುಗ್ಯಾದ್ರಿ ಸರ್. ನಾ ಒಮ್ಮೆ ತಿರುಗಿಸೀನಿ, ನೀವೊಮ್ಮೆ."

ಮಾಸ್ತರರು ತಿರುಗಿ ಒಳಗೆ ಹೋದರು. ಎಲ್ಲ ಮುಗಿಯಿತು ಅಂದುಕೊಂಡೆ. ಹೊರಗೆ ಬಂದಾಗ ಅವರ ಮೂಗಿನ ಮೇಲೆ ಕನ್ನಡಕ, ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು. ಜಮಖಾನೆಯ ಮೇಲೆ ಕುಳಿತು, "ತೋರ್ಸು" ಎಂದರು.

ಶರಣಮ್ಮ ಮೂರು ಕ್ಯೂಬಿಟ್ಟಿನ ಸಣ್ಣ ಪ್ರೋಗ್ರಾಂ ಬರೆದಳು. ಮೊದಲನೆಯದು ಮಾತ್ರ ಒಂದು, ಉಳಿದೆರಡು ಸೊನ್ನೆ. ಪರಿವರ್ತಕದಿಂದ ಹೊರಬಂದಾಗ ಆ ಒಂದು ಕೊನೆಯವನ ಜಾಗಕ್ಕೆ ಹೋಗಿ ಕುಳಿತಿತ್ತು. ಮಾಸ್ತರರು ತಮ್ಮ ಪರೀಕ್ಷೆ ತೆರೆದು ನೋಡಿದರು. ಅವರು ಪರೀಕ್ಷೆಗೆ ಇಟ್ಟಿದ್ದು ಎಲ್ಲ ಪಾಠಗಳಲ್ಲೂ ಬರುವ ಜೋಡಿ ಕ್ಯೂಬಿಟ್ಟುಗಳು. ಅವು ಎರಡೂ ಸೊನ್ನೆ, ಇಲ್ಲವೇ ಎರಡೂ ಒಂದು. ಯಾವ ಕಡೆಯಿಂದ ಓದಿದರೂ ಅದೇ ಉತ್ತರ. ನೋಡುತ್ತ ನೋಡುತ್ತ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಸರಿದೆ. ನಗುತ್ತಿದ್ದರು.

"ಆಹಾ! ಎಂಥಾ ಚಂದ ತಪ್ಪು ಮಾಡೀನಿ ನೋಡು ಗಂಗಾ! ನಾ ಇಟ್ಟ ಜೋಡಿ ಕನ್ನಡಿ ಮುಂದ ಹಿಡದ್ರೂ ಹಂಗ ಕಾಣ್ತದ. ಸಿಕ್ಕೀತಾದ್ರೂ ಹೆಂಗ?" ಆಮೇಲೆ ನನ್ನತ್ತ ತಿರುಗಿ, "ಹೋದ ಸಲ ಬಂದಾಗ ಗೊತ್ತಿತ್ತೇನು?" ಎಂದರು.

"ಗೊತ್ತಿತ್ರಿ ಸರ್."

"ಗೊತ್ತಿದ್ದೂ ಸುಸಲಾ ತಿಂದು ಹೋದ್ರಿ!"

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತ, ಈಗ ಮೆಲ್ಲಗೆ ಮಾತಾಡಿದರು. "ರಿಟೈರ್ ಆದಾಗಿಂದ ನಾ ಏನಂದ್ರೂ ಹೌದ್ರಿ ಸರ್ ಅಂತಾರ. ಮನ್ಯಾಗ ಅದ, ಓಣ್ಯಾಗ ಅದ. ನಾ ಎರಡೂ ಎರಡೂ ಐದು ಅಂದ್ರೂ ಹೌದ್ರಿ ಸರ್. ಗ್ವಾಡಿ ಮ್ಯಾಲಿನ ಫೋಟೋಕ್ಕ ಹಾರ ಹಾಕಿದಂಗ. ಇವತ್ತು ಈ ಹುಡುಗಿ ನನ್ನ ಗ್ವಾಡಿಯಿಂದ ಇಳಿಸ್ಯಾಳ. ಇನ್ನೂ ಕೆಲಸಕ್ಕ ಬರೂ ಮನುಷ್ಯಾ ಅದಾನ ಅಂತ ತಿಳದು ತಪ್ಪು ಹೇಳ್ಯಾಳ."

ನಾವು ಇಷ್ಟು ವರ್ಷ ಮರ್ಯಾದೆ ಎಂದು ಕೊಟ್ಟದ್ದು ಅವರಿಗೆ ಎಷ್ಟು ಒಂಟಿತನ ತಂದಿತ್ತು ಎಂದು ಆವತ್ತು ತಿಳಿಯಿತು. ಆದರೆ ಅಳಲು ಮಾಸ್ತರರು ಪುರುಸೊತ್ತು ಕೊಡಲಿಲ್ಲ. "ನನ್ನ ಭಾಗ ನಾನ ತಿದ್ದತೀನಿ. ಯಾರೂ ಮುಟ್ಟಬ್ಯಾಡ್ರಿ" ಎಂದು ನಮ್ಮನ್ನು ಸಿಕ್ಕ ಮೊದಲ ಬಸ್ಸಿಗೇ ಹತ್ತಿಸಿ ಕಳಿಸಿದರು.

ಮರುದಿನವೇ ತಿದ್ದಿ ಕಳಿಸಿದರು. ಶರಣಮ್ಮ ಈ ಸಲ ಸಾಲು ಸಾಲಾಗಿ ಓದಿದಳು, ಓಡಿಸಿ ನೋಡಿದಳು. ಕ್ಯೂಬಿಟ್ ಒಂದೇ ಇದ್ದರೆ ಏನಾಗುತ್ತದೆ ಎಂಬ ಪರೀಕ್ಷೆ ಇಲ್ಲ ಎಂದು ಬರೆದು ವಾಪಸ್ ಹಾಕಲು ಹೊರಟಳು. ಗುಂಡಿ ಒತ್ತುವ ಮೊದಲು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಒತ್ತಿದಳು.

ಸುರಪುರದಿಂದ ಸುದ್ದಿ ಬರತೊಡಗಿತು. ಮಾಸ್ತರರು ಚಹಾದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಂಡಕಂಡವರಿಗೆ ಹೇಳುತ್ತಿದ್ದರಂತೆ. "ಹುಣಸಗಿ ಹುಡುಗಿ ನನ್ನ ಕೆಲಸ ವಾಪಸ್ ಹಾಕ್ಯಾಳ, ಗೊತ್ತದೇನು? ಹಂಗ ಬಿಡೂ ಪೈಕಿ ಅಲ್ಲಕಿ!" ಕೇಳಿದವರಿಗೆ ಇದು ಸಂತೋಷದ ಸುದ್ದಿಯೋ ದುಃಖದ್ದೋ ಗೊತ್ತಾಗದೆ, "ಹೌದ್ರಿ ಸರ್" ಎನ್ನುತ್ತಿದ್ದರಂತೆ.

ಪರಿವರ್ತಕ ಉಳಿಯಿತು. ಹೊಸ ಆವೃತ್ತಿಯಲ್ಲಿ ಸೇರಿತು. ಶರಣಮ್ಮನಿಗೆ ಆ ಕೆಲಸವೂ ಸಿಕ್ಕಿತು, ಈಗ ಹುಣಸಗಿಯ ಮನೆಯಿಂದಲೇ ಮಾಡುತ್ತಾಳೆ. ಆದರೆ ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಹೇಳಬೇಕೆಂದಿರುವುದು ಅದಲ್ಲ. ಆವೃತ್ತಿ ಹೊರಬೀಳುವ ಮುಂಚಿನ ದಿನ ನಮ್ಮ ಲ್ಯಾಬಿನಲ್ಲಿ ನಾನು ಕಂಡದ್ದು.

ಮಧ್ಯಾಹ್ನ. ಮಾಸ್ತರರು ಮತ್ತೆ ತಿದ್ದಿ ಕಳಿಸಿದ್ದನ್ನು ಶರಣಮ್ಮ ಓದುತ್ತಿದ್ದಳು. ಬಾಗಿಲಲ್ಲಿ ನೆರಳು ಕಂಡಿತು. ನೋಡಿದರೆ ಸಂಗಪ್ಪ ಮಾಸ್ತರರು. ಬಿಸಿಲಲ್ಲಿ ಸುರಪುರದಿಂದ ಬಸ್ ಹತ್ತಿ ಬಂದಿದ್ದರು. ಧೋತರಕ್ಕೆ ಧೂಳು ಹಿಡಿದಿತ್ತು. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಾಚೆಯೇ ನಿಂತು, ಕೈ ಕಟ್ಟಿಕೊಂಡು, ತಡವಾಗಿ ಬಂದ ವಿದ್ಯಾರ್ಥಿಯಂತೆ ಕೇಳಿದರು. "ಒಳಗ ಬರಬಹುದೇನ್ರಿ ಮೇಡಂ?"

ಅವರು ಬಂದರೆ ಎದ್ದು ನಿಲ್ಲದವರು ಈ ಸೀಮೆಯಲ್ಲಿಲ್ಲ. ನಾನು ಎದ್ದೆ, ಉಳಿದವರೆಲ್ಲ ಎದ್ದರು. ಶರಣಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದ ಕುರ್ಚಿಯನ್ನು ಕೈಯಿಂದ ಎಳೆದಿಟ್ಟಳು.

"ಬರ್ರಿ ಸರ್, ಕುಂದರ್ರಿ ಜಲ್ದಿ. ಇನ್ನೊಂದು ತಪ್ಪು ಉಳದದ."

ಮಾಸ್ತರರು ಎರಡೂ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದರು.